ಬೊಜ್ಜು ಬರುವ ಪಗ್‌ಗೆ ಹಸಿ ಮಾಂಸದ ಊಟ: ಆರಿಸುವುದು, ಅಳೆಯುವುದು, ಬಡಿಸುವುದು

ಹಸಿ ಮಾಂಸ ಹಾಕಿದರೆ ನಾಯಿ ತಾನಾಗಿ ತೆಳ್ಳಗಾಗುತ್ತದೆ ಎಂದು ನಂಬಿ ಎಷ್ಟೋ ಮಂದಿ ತಮ್ಮ ಪಗ್‌ಗೆ ಕಿಬ್ಬಲ್ (ಪ್ಯಾಕೆಟ್ಟಿನ ಒಣ ಕಾಳಿನಂಥ ಆಹಾರ) ನಿಲ್ಲಿಸುತ್ತಾರೆ. ದೇಹತೂಕದ ಶೇ 3ರಷ್ಟು ಮಾಂಸ ಹಾಕಬೇಕೆಂಬ ಸೂತ್ರ ಹಿಡಿಯುತ್ತಾರೆ. ಕೆಲವು ತಿಂಗಳಲ್ಲಿ ನಾಯಿ ಇನ್ನಷ್ಟು ದಪ್ಪಗಾಗಿರುತ್ತದೆ. ಇಲ್ಲಿ ಕೈಕೊಡುವುದು ಆ ಸೂತ್ರವೇ. 8 ಕಿಲೋ ಪಗ್‌ಗೆ ಶೇ 3 ಎಂದರೆ 240 ಗ್ರಾಂ. ಅದು ಚರ್ಮ ತೆಗೆದ ಕೋಳಿಯಾದರೆ ಸುಮಾರು 285 ಕ್ಯಾಲೊರಿ, ಚರ್ಮ ಸಮೇತ ಇದ್ದರೆ 515. ತಕ್ಕಡಿಯಲ್ಲಿ ಎರಡೂ ಒಂದೇ, ಹೊಟ್ಟೆಗೆ ಹೋದ ಮೇಲೆ ಹೆಚ್ಚುಕಡಿಮೆ ದುಪ್ಪಟ್ಟು ವ್ಯತ್ಯಾಸ. ಆದ್ದರಿಂದ ಬೊಜ್ಜಿನ ಸ್ವಭಾವದ ನಾಯಿಗೆ ಹಸಿ ಆಹಾರ ಆರಿಸುವಾಗ ಮೊದಲು ಕೊಬ್ಬು ನೋಡಬೇಕು, ಆಮೇಲೆ ಕ್ಯಾಲೊರಿ. ಗ್ರಾಂ ಲೆಕ್ಕ ಕೊನೆಗೆ.

ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿತೂಕದ ಅಪಾಯ ಹೆಚ್ಚಿರುವ ತಳಿಗಳ ಸಾಲಿನಲ್ಲಿ ಪಗ್ ಮೊದಲಿತ್ತು, ಬೀಗಲ್ ಅದರ ಹಿಂದೆಯೇ. ಪಗ್‌ಗೆ ಇದು ಬರೀ ಆಕಾರದ ಪ್ರಶ್ನೆಯಲ್ಲ. ಚಪ್ಪಟೆ ಮೂಗಿನ ನಾಯಿಗೆ ಗಂಟಲಿನ ಸುತ್ತ ಕೊಬ್ಬು ಕಟ್ಟಿದರೆ ಮೊದಲೇ ಕಿರಿದಾದ ಉಸಿರಿನ ದಾರಿ ಇನ್ನೂ ಬಿಗಿಯಾಗುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಾಗಲಿ ಮಂಗಳೂರಿನ ಸೆಖೆಯಲ್ಲಾಗಲಿ ಅಂಥ ನಾಯಿಗೆ ಬಿಸಿಲಾಘಾತ ಬಲು ಬೇಗ ಆಗುತ್ತದೆ.

ಶುರು ಮಾಡುವ ಮುನ್ನ: ಯಾರಿಗೆ ಹಸಿ ಆಹಾರ ಬೇಡ

ಅಮೆರಿಕದ ಪಶುವೈದ್ಯಕೀಯ ಸಂಘ 2012ರಿಂದಲೂ ಹಸಿ ಮಾಂಸದ ಆಹಾರವನ್ನು ಪ್ರೋತ್ಸಾಹಿಸಬೇಡಿ ಎನ್ನುತ್ತ ಬಂದಿದೆ. ಕಾರಣ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್, ಇ. ಕೋಲೈ, ಲಿಸ್ಟೀರಿಯಾ. ಈ ಬ್ಯಾಕ್ಟೀರಿಯಾ ನಾಯಿಗೆ ಏನೂ ಮಾಡದಿದ್ದರೂ ಅದರ ಮಲದಲ್ಲಿ, ಜೊಲ್ಲಿನಲ್ಲಿ ಹೊರಬಂದು ಮನೆಯವರನ್ನು ಹಿಡಿಯಬಹುದು. ಮನೆಯಲ್ಲಿ ಐದು ವರ್ಷದೊಳಗಿನ ಮಗು, ಬಸುರಿ, ವಯಸ್ಸಾದವರು, ಕೀಮೊ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಇದ್ದರೆ ಹಸಿ ಆಹಾರ ಬೇಡವೇ ಬೇಡ. ಒಂದು ವರ್ಷ ತುಂಬದ ಮರಿಗೆ, ಹಿಂದೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊತ ಬಂದ ನಾಯಿಗೆ, ಕಿಡ್ನಿ ಅಥವಾ ಲಿವರ್ ತೊಂದರೆ ಇರುವ ನಾಯಿಗೂ ಬೇಡ.

ಇಲ್ಲಿ ಕೊಟ್ಟಿರುವ ಅಳತೆಗಳನ್ನೇ ಇಟ್ಟುಕೊಂಡು ಮಾಂಸವನ್ನು ಬೇಯಿಸಿಯೂ ಕೊಡಬಹುದು. ಹಸಿಯಾಗಿ ತೂಗಿ, ನೀರಿನಲ್ಲಿ ಬೇಯಿಸಿ, ಆ ನೀರಿನ ಸಮೇತ ಬಡಿಸಿ. ತೂಕ ಇಳಿಸುವುದಕ್ಕೆ ಮಾಂಸ ಹಸಿಯೇ ಇರಬೇಕೆಂದೇನಿಲ್ಲ. ಅನುಮಾನ ಇರುವವರು ಬೇಯಿಸುವ ದಾರಿಯನ್ನೇ ಹಿಡಿಯುವುದು ಲೇಸು.

ಇನ್ನೊಂದು ಕೆಲಸ ಬಾಕಿ ಇದೆ. ಊಟ ಹೆಚ್ಚಾಗದೆಯೂ ನಾಯಿ ದಪ್ಪಗಾಗುತ್ತಿದ್ದರೆ, ಮೈ ಎರಡೂ ಬದಿ ಸಮನಾಗಿ ಕೂದಲು ಉದುರುತ್ತಿದ್ದರೆ, ವಿಪರೀತ ನೀರು ಕುಡಿಯುತ್ತಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕೊರತೆ ಅಥವಾ ಕುಶಿಂಗ್ ಕಾಯಿಲೆ (ಕಾರ್ಟಿಸೋಲ್ ಹಾರ್ಮೋನು ಅತಿಯಾಗುವುದು) ಇದ್ದರೆ ಯಾವ ಆಹಾರಕ್ಕೂ ತೂಕ ಜಗ್ಗುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಹಂತ 1: ಗುರಿ ತೂಕ ಗೊತ್ತುಮಾಡಿ

ತಳಿಯ ಮಾನದಂಡದಲ್ಲಿ ಪಗ್ ತೂಕ ಸುಮಾರು 6.3ರಿಂದ 8.1 ಕಿಲೋ. ಆದರೆ ನಮ್ಮಲ್ಲಿ ಸಿಗುವ ಪಗ್‌ಗಳ ಮೂಳೆಕಟ್ಟು ಒಂದೇ ತರ ಇಲ್ಲದ್ದರಿಂದ ಕೈಯಿಂದ ಮುಟ್ಟಿ ನೋಡುವುದೇ ಸರಿ. ಮುಷ್ಟಿ ಬಿಗಿಹಿಡಿದು ಬೆರಳಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ: ಪಕ್ಕೆಲುಬು ಹೀಗೆ ಎದ್ದು ತಾಗಿದರೆ ನಾಯಿ ಬಡಕಲು. ಮುಷ್ಟಿ ಬಿಡಿಸಿ ಅಂಗೈಯ ಹಿಂಭಾಗ ಮುಟ್ಟಿ: ಪಕ್ಕೆಲುಬು ಹೀಗೆ ತೆಳು ಪದರದಡಿ ಸಿಕ್ಕಿದರೆ ಸರಿಯಾದ ಮೈಕಟ್ಟು. ಅಂಗೈಯ ಹೆಬ್ಬೆರಳ ಬುಡದ ದಪ್ಪ ಭಾಗದಂತೆ, ಒತ್ತಿದರೆ ಮಾತ್ರ ಮೂಳೆ ಸಿಕ್ಕುವಂತಿದ್ದರೆ ಬೊಜ್ಜು. ಪಗ್‌ನ ಕತ್ತು, ಭುಜದ ಮೇಲೆ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿರುವುದರಿಂದ ಅಲ್ಲಿ ಮುಟ್ಟಿ ಅಂದಾಜು ಮಾಡಬೇಡಿ, ಎದೆಗೂಡಿನ ನಡುಭಾಗದಲ್ಲೇ ನೋಡಿ. ಮೇಲಿನಿಂದ ನೋಡಿದರೆ ಸೊಂಟ ಸ್ವಲ್ಪವಾದರೂ ಒಳಸರಿದಿರಬೇಕು.

ಪಶುವೈದ್ಯರು ಇದನ್ನು 9 ಅಂಕದ ಅಳತೆಯಲ್ಲಿ ಹೇಳುತ್ತಾರೆ. 4–5 ಆರೋಗ್ಯಕರ. 5ರ ಮೇಲಿನ ಪ್ರತಿ ಅಂಕಕ್ಕೂ ಸುಮಾರು ಶೇ 10 ಹೆಚ್ಚುವರಿ ತೂಕ ಎಂದು ಹಿಡಿಯಿರಿ. 10 ಕಿಲೋ ಪಗ್‌ಗೆ 7 ಅಂಕ ಬಂದರೆ 10 ಭಾಗಿಸು 1.2, ಅಂದರೆ 8.3 ಕಿಲೋ. 8 ಅಂಕ ಬಂದರೆ 10 ಭಾಗಿಸು 1.3, ಅಂದರೆ 7.7. ಮುಂದಿನ ಲೆಕ್ಕಕ್ಕೆ 8 ಕಿಲೋ ಗುರಿ ಇಟ್ಟುಕೊಳ್ಳೋಣ.

ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು ನಿಮ್ಮ ತೂಕ ಕಳೆಯುವ ಪದ್ಧತಿ ಇಷ್ಟು ಸಣ್ಣ ನಾಯಿಗೆ ಸಾಲದು. ವಾರಕ್ಕೆ ಇಳಿಯಬೇಕಾದದ್ದು 100 ಗ್ರಾಂ, ಆ ತಕ್ಕಡಿಯ ಏರುಪೇರೇ ಅದಕ್ಕಿಂತ ಹೆಚ್ಚಿರುತ್ತದೆ. ಮಕ್ಕಳನ್ನು ತೂಗುವ ತಕ್ಕಡಿಯಾಗಲಿ ಕ್ಲಿನಿಕ್ಕಿನ ತಕ್ಕಡಿಯಾಗಲಿ ಬೇಕು. ಅಡುಗೆಗೆ 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು.

ಹಂತ 2: ದಿನದ ಕ್ಯಾಲೊರಿ

ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿಯ ಸೂತ್ರ ಇದು: ತೂಕದ 0.75ನೇ ಘಾತವನ್ನು 70ರಿಂದ ಗುಣಿಸಬೇಕು. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಸುಲಭ. 8 × 8 × 8 ಮಾಡಿ, ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, 70ರಿಂದ ಗುಣಿಸಿ. 333 ಬರುತ್ತದೆ. ಇದೇ ರೀತಿ 6 ಕಿಲೋಗೆ 268, 7ಕ್ಕೆ 301, 9ಕ್ಕೆ 364, 10ಕ್ಕೆ 394.

ತೂಕ ಇಳಿಸಬೇಕಾದ ನಾಯಿಗೆ ಗುರಿ ತೂಕದ ಈ ಸಂಖ್ಯೆಯಷ್ಟೇ ಕೊಡಿ: 330 ಕ್ಯಾಲೊರಿ. ಈಗಿನ ತೂಕ 10 ಕಿಲೋ ಇದೆಯೆಂದು ಅದರ ಲೆಕ್ಕ ಹಾಕಬಾರದು, ಹಾಕಿದರೆ ಬೊಜ್ಜಿಗೂ ಊಟ ಬಡಿಸಿದಂತಾಗುತ್ತದೆ. ತೂಕ ಸರಿ ಇದ್ದು ಏರದಂತೆ ನೋಡಿಕೊಳ್ಳಬೇಕಾದ ಪಗ್‌ಗೆ ಇದರ 1.2ರಿಂದ 1.4 ಪಟ್ಟು, ಅಂದರೆ 400ರಿಂದ 465. ಸಂತಾನಹರಣ ಚಿಕಿತ್ಸೆ ಆದ ನಾಯಿಗೆ ಬೇಕಾಗುವ ಶಕ್ತಿ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಬಹಳಷ್ಟು ಪಗ್‌ಗಳು ದಪ್ಪಗಾಗುವುದು ಆ ಆಪರೇಷನ್ ಆದ ವರ್ಷದಲ್ಲೇ.

330ರಲ್ಲಿ 30 ಕ್ಯಾಲೊರಿಯನ್ನು ಚೂರುಪಾರು ತಿಂಡಿಗೆ ತೆಗೆದಿಡಿ, 300 ಊಟಕ್ಕೆ. ಆ 30 ಎಷ್ಟು ಸಣ್ಣದೆಂದು ಮನೆಯವರೆಲ್ಲರಿಗೂ ಗೊತ್ತಿರಬೇಕು. ಒಂದು ಗ್ಲೂಕೋಸ್ ಬಿಸ್ಕತ್ತು ಸುಮಾರು 20 ಕ್ಯಾಲೊರಿ. ಒಂದು ಚಮಚ ತುಪ್ಪ 45. ಒಂದು ಚಪಾತಿ ಸುಮಾರು 100, ಅಂದರೆ ಈ ನಾಯಿಯ ದಿನದ ಊಟದ ಮೂರನೇ ಒಂದು ಪಾಲು. ಅಜ್ಜಿ ಕದ್ದುಮುಚ್ಚಿ ಕೊಡುವ ಅರ್ಧ ಚಪಾತಿ ಇಡೀ ಯೋಜನೆಯನ್ನು ಕೆಡಿಸಬಲ್ಲದು. ಆದ್ದರಿಂದ ಬೇಡ ಎಂದು ಜಗಳ ಆಡುವ ಬದಲು ಸೌತೆಕಾಯಿ, ಬೇಯಿಸಿದ ಬೀನ್ಸ್ ತುಂಬಿದ ಡಬ್ಬಿ ಅವರ ಕೈಗೆ ಕೊಡಿ. ಅವರಿಗೆ ಕೊಡುವ ಸಂತೋಷ ಬೇಕು, ನಾಯಿಗೆ ತಿನ್ನುವ ಸಂತೋಷ ಬೇಕು, ಎರಡೂ ಸಿಗುತ್ತವೆ.

ಹಂತ 3: ಮಾಂಸ ಆರಿಸುವುದು

ಇದೇ ಇಡೀ ಕೆಲಸದ ತಿರುಳು. ಪ್ರೋಟೀನಿನ ಒಂದು ಗ್ರಾಂಗೆ 4 ಕ್ಯಾಲೊರಿ, ಕೊಬ್ಬಿನ ಒಂದು ಗ್ರಾಂಗೆ 9. ಹಸಿ ಆಹಾರದವರು ಹೇಳುವ 80 ಪಾಲು ಮಾಂಸ, 10 ಪಾಲು ಮೂಳೆ, 10 ಪಾಲು ಒಳಾಂಗ ಎಂಬ ಅನುಪಾತದಲ್ಲಿ ಕೊಬ್ಬಿನ ಮಾತೇ ಇಲ್ಲ. ಆ ಅನುಪಾತಕ್ಕೆ ಸರಿಯಾಗಿ ಹೊಂದುವ ಎರಡು ತಟ್ಟೆಗಳಲ್ಲಿ ಒಂದು ಪಗ್‌ನ ಬೊಜ್ಜು ಕರಗಿಸಬಹುದು, ಇನ್ನೊಂದು ಬೆಳೆಸಬಹುದು. 100 ಗ್ರಾಂ ಹಸಿ ಮಾಂಸದ ಅಂದಾಜು ಕ್ಯಾಲೊರಿ ಹೀಗಿದೆ:

ಕೋಳಿ ಗಿಜರ್ಡ್ (ಕಾಳು ಅರೆಯುವ ಗಟ್ಟಿ ಹೊಟ್ಟೆಚೀಲ), ಕೊಬ್ಬು ತೆಗೆದದ್ದು – 95
ಮೇಕೆ ತೊಡೆ, ಕೊಬ್ಬು ತೆಗೆದದ್ದು – 110ರಿಂದ 120
ಚರ್ಮ ತೆಗೆದ ಕೋಳಿ ಎದೆ ಅಥವಾ ತೊಡೆ – 120
ಕೋಳಿ ಲಿವರ್ – 120
ಕೋಳಿ ಹಾರ್ಟ್ – 150
ಚರ್ಮ ಸಮೇತ ಕೋಳಿ – 215
ಕೋಳಿ ಕಾಲು (ಪಾದ) – 215
ಕೊಬ್ಬಿನ ಕುರಿ ಕೈಮಾ – 280ರವರೆಗೂ
ಚರ್ಮ ಸಮೇತ ಕೋಳಿ ಕತ್ತು – 300
ಬರೀ ಕೋಳಿ ಚರ್ಮ – 350

ಕೋಳಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕತ್ತು, ಕಾಲು, ಚರ್ಮ ಈ ಪಟ್ಟಿಯ ಕೊನೆಯ ತುದಿಯಲ್ಲೇ ಇವೆ ನೋಡಿ. ನಾಯಿಗೆ ಎಂದು ಕೇಳಿದರೆ ಅಂಗಡಿಯವರು ಪ್ರೀತಿಯಿಂದಲೇ ಇವುಗಳನ್ನು ತುಂಬಿ ಕೊಡುತ್ತಾರೆ. ಹೀಗೆ ಕೇಳಬೇಡಿ. ವಿತೌಟ್ ಸ್ಕಿನ್ ತೊಡೆ ಮತ್ತು ಎದೆ, ಮನುಷ್ಯರಿಗೆ ಕೊಡುವಂಥದ್ದೇ ಬೇಕೆಂದು ಹೇಳಿ. ಕೈಮಾ ಅಂಗಡಿಯಲ್ಲಿ ಮಾಡಿಸದಿರುವುದು ಒಳ್ಳೆಯದು. ಅಲ್ಲಿನ ಯಂತ್ರದಲ್ಲಿ ಹಿಂದಿನ ಗಿರಾಕಿಯ ಚರ್ಮ, ಕೊಬ್ಬು ಉಳಿದಿರುತ್ತದೆ, ಒಂದು ತುಂಡಿನ ಮೇಲ್ಮೈಯಲ್ಲಿದ್ದ ಬ್ಯಾಕ್ಟೀರಿಯಾ ರುಬ್ಬಿದಾಗ ಇಡೀ ಮುದ್ದೆಗೆ ಹರಡುತ್ತದೆ. ತುಂಡು ತಂದು ಮನೆಯಲ್ಲೇ ಕೊಚ್ಚಿ.

ಚರ್ಮ ತೆಗೆಸಿದ ಮಾತ್ರಕ್ಕೆ ಕೊಬ್ಬು ಹೋಗಿರುವುದಿಲ್ಲ. ಬ್ರಾಯ್ಲರ್ ಕೋಳಿಯ ತೊಡೆಯನ್ನು ಒಳಮೈ ಮೇಲಾಗಿ ಹಲಗೆಯ ಮೇಲೆ ಇಡಿ. ಸ್ನಾಯುಗಳ ನಡುವಿನ ಸಂದಿನಲ್ಲಿ ಹಳದಿ ಎಳೆ ಕಾಣುತ್ತದೆ, ಸೊಂಟದ ತುದಿಯಲ್ಲಿ ಅದೇ ಮೆತ್ತನೆಯ ಗಡ್ಡೆಯಾಗಿ ಕೂತಿರುತ್ತದೆ. ಬೆರಳಿನಿಂದ ಎಳೆದರೆ ಪೊರೆಯ ಸಮೇತ ಕಿತ್ತುಬರುತ್ತದೆ, ಚಾಕು ಬೇಕಾಗುವುದೇ ಇಲ್ಲ. ಬಾಲದ ಗುಬ್ಬಿಯನ್ನು ಪೂರ್ತಿ ಎಸೆಯಿರಿ. ಹಾರ್ಟಿನ ಅಗಲವಾದ ತುದಿಗೆ ಟೋಪಿ ಇಟ್ಟಂತೆ ಕೊಬ್ಬು ಇರುತ್ತದೆ, ಅದನ್ನು ಅಡ್ಡಲಾಗಿ ಕತ್ತರಿಸಿ. ಗಿಜರ್ಡಿನ ಹೊರಮೈಗೆ ಅಂಟಿದ ಹಳದಿ ಪದರವೂ ಹೋಗಬೇಕು. ಮಾಂಸ ತಣ್ಣಗಿದ್ದಾಗ ಈ ಕೆಲಸ ಸಲೀಸು, ಅಂಗಡಿಯಿಂದ ತಂದು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಶುರುಮಾಡಿ.

ಕುರಿಗಿಂತ ಮೇಕೆ ಮಾಂಸದಲ್ಲಿ ಕೊಬ್ಬು ಕಡಿಮೆ. ಮೇಕೆಯಲ್ಲೂ ಎದೆ, ಪಕ್ಕೆ ಬಿಟ್ಟು ತೊಡೆ ಆರಿಸಿ. ವಾರದಲ್ಲಿ ಎರಡು ದಿನ ಕೋಳಿಯ ಬದಲು ಮೇಕೆ ಹಾಕಿದರೆ ಕಬ್ಬಿಣ, ಸತು ಚೆನ್ನಾಗಿ ಸಿಗುತ್ತವೆ. ಗಂಟಲಿನ ಸುತ್ತಲ ಚೂರುಗಳನ್ನು ಮಾತ್ರ ತರಬೇಡಿ. ಅಲ್ಲಿ ಥೈರಾಯ್ಡ್ ಗ್ರಂಥಿಯ ಅಂಶ ಸೇರಿಕೊಂಡು ನಾಯಿಯ ಹಾರ್ಮೋನು ಏರುಪೇರಾದ ಪ್ರಕರಣಗಳು ಪಶುವೈದ್ಯಕೀಯ ಸಾಹಿತ್ಯದಲ್ಲಿವೆ. ಬೋಟಿ ಮತ್ತು ಶ್ವಾಸಕೋಶ ಹಸಿಯಾಗಿ ಬೇಡ. ಹಂದಿ ಮಾಂಸವೂ ಹಸಿಯಾಗಿ ಬೇಡ, ಕೊಬ್ಬೂ ಜಾಸ್ತಿ, ಟ್ರೈಕಿನೆಲ್ಲಾ ಹುಳುವಿನ ಭಯವೂ ಇದೆ.

ಹಂತ 4: ಮೂಳೆ ಬೇಡ, ಕ್ಯಾಲ್ಸಿಯಂ ಬೇಕು

ಪಗ್‌ನ ಬಾಯಿ ಮೂಳೆಗೆ ಹೇಳಿ ಮಾಡಿಸಿದ್ದಲ್ಲ. ದವಡೆ ಗಿಡ್ಡ, ಹಲ್ಲು ಒತ್ತೊತ್ತಾಗಿ ಓರೆಯಾಗಿರುತ್ತವೆ. ಅಗಿಯದೆ ನುಂಗುವುದು ಇದರ ಅಭ್ಯಾಸ. ಮೂಳೆ ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರಿನ ದಾರಿ ಮೊದಲೇ ಕಿರಿದಿರುವ ಈ ನಾಯಿಗೆ ಸಮಯವೇ ಸಿಗುವುದಿಲ್ಲ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಹಸಿ ಮೂಳೆಯೂ ಹಲ್ಲು ಮುರಿಯುತ್ತದೆ, ಕರುಳು ಕಟ್ಟುತ್ತದೆ. ಹಸಿ ಕೋಳಿ ಕತ್ತಿನ ಬಗ್ಗೆ ಇನ್ನೊಂದು ಎಚ್ಚರಿಕೆಯಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ 2018ರ ಅಧ್ಯಯನ ಹಸಿ ಕೋಳಿ ತಿನ್ನುವ ನಾಯಿಗಳಲ್ಲಿ ಕಾಣುವ ಒಂದು ಬಗೆಯ ನರಗಳ ಪಾರ್ಶ್ವವಾಯುವಿಗೆ ಕ್ಯಾಂಪಿಲೊಬ್ಯಾಕ್ಟರ್ ನಂಟು ತೋರಿಸಿತು. ಹಿಂಗಾಲು ಸೋತು, ದನಿ ಬದಲಾಗಿ, ಆಮೇಲೆ ಮುಂಗಾಲಿಗೂ ಹರಡುವ ಕಾಯಿಲೆ ಅದು. ಕೋಳಿಯನ್ನು ಬೇಯಿಸಿ ಮೇಕೆಯನ್ನು ಮಾತ್ರ ಹಸಿ ಕೊಡುವ ಮಧ್ಯದ ದಾರಿ ಹಿಡಿಯುವವರಿಗೆ ಇದು ಬಲವಾದ ಕಾರಣ.

ಮೂಳೆ ಬಿಟ್ಟರೆ ಕ್ಯಾಲ್ಸಿಯಂ ಬೇರೆ ಕಡೆಯಿಂದ ಬರಲೇಬೇಕು. ಮಾಂಸದಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಬರೀ ಮಾಂಸ ತಿನ್ನುತ್ತಿದ್ದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮೊಟ್ಟೆ ಚಿಪ್ಪಿನಲ್ಲಿ ಶೇ 38ರಷ್ಟು ಕ್ಯಾಲ್ಸಿಯಂ ಇದೆ. ಚಿಪ್ಪನ್ನು ತೊಳೆದು 10 ನಿಮಿಷ ಕುದಿಸಿ, ಒಣಗಿಸಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಗರಿಯಾಗುವವರೆಗೆ ಬಿಸಿಮಾಡಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಿರಿ. ಬೆರಳ ನಡುವೆ ಉಜ್ಜಿದರೆ ಟಾಲ್ಕಂ ಪೌಡರಿನಂತಿರಬೇಕು, ಚುಚ್ಚಬಾರದು. 8 ಕಿಲೋ ಗುರಿಯ ಪಗ್‌ಗೆ ದಿನಕ್ಕೆ 2 ಗ್ರಾಂ. ಇದರಿಂದ ಸುಮಾರು 760 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ, ಕೆಳಗಿನ ತಟ್ಟೆಯ ರಂಜಕಕ್ಕೆ ಹೋಲಿಸಿದರೆ 1.5 ಪಟ್ಟು. ಬೇಕಾದ ಅನುಪಾತ 1ರಿಂದ 2ರ ನಡುವೆ. ಮಲ ಬೆಳ್ಳಗೆ, ಸೀಮೆಸುಣ್ಣದ ಹಾಗೆ ಪುಡಿಯಾಗುತ್ತಿದ್ದರೆ ಪುಡಿ ಜಾಸ್ತಿಯಾಗಿದೆ.

ಹಂತ 5: ತಟ್ಟೆ ಕಟ್ಟುವುದು

300 ಕ್ಯಾಲೊರಿಯ ಒಂದು ದಿನದ ಅಳತೆ:

ಕೊಬ್ಬು ತೆಗೆದ ಕೋಳಿ ಅಥವಾ ಮೇಕೆ – 160 ಗ್ರಾಂ
ಗಿಜರ್ಡ್ ಮತ್ತು ಹಾರ್ಟ್ ಸೇರಿ – 40 ಗ್ರಾಂ
ಕೋಳಿ ಲಿವರ್ – 12 ಗ್ರಾಂ
ಆವಿಯಲ್ಲಿ ಬೇಯಿಸಿ ಮಸೆದ ಸಿಹಿಗುಂಬಳ – 40 ಗ್ರಾಂ
ಆವಿಯಲ್ಲಿ ಬೇಯಿಸಿ ಸಣ್ಣಗೆ ಹೆಚ್ಚಿದ ಬೀನ್ಸ್ – 40 ಗ್ರಾಂ
ಮೊಟ್ಟೆ ಚಿಪ್ಪಿನ ಪುಡಿ – 2 ಗ್ರಾಂ
ವಾರದಲ್ಲಿ ಐದು ದಿನ ಬೇಯಿಸಿದ ಮೊಟ್ಟೆ ಅರ್ಧ, ಎರಡು ದಿನ ಮೀನು 25 ಗ್ರಾಂ

ಲಿವರನ್ನು ಅಳತೆ ಮೀರಿ ಹಾಕಬೇಡಿ. ಅದರಲ್ಲಿರುವ ಎ ಜೀವಸತ್ವ ದೇಹದಲ್ಲಿ ಸಂಗ್ರಹವಾಗುತ್ತದೆ, ತಿಂಗಳುಗಟ್ಟಲೆ ಹೆಚ್ಚಾದರೆ ಕೀಲು, ಬೆನ್ನುಮೂಳೆ ಬಿಗಿಯುತ್ತದೆ. ಮೇಕೆ ಲಿವರಿನಲ್ಲಿ ಎ ಜೀವಸತ್ವ ಕೋಳಿಯದಕ್ಕಿಂತ ಇನ್ನೂ ಹೆಚ್ಚು, ಅದಾದರೆ 5–6 ಗ್ರಾಂ ಸಾಕು, ಅದೂ ಬೇಯಿಸಿ.

ಮೀನಿಗೆ ಬೂತಾಯಿ ಒಳ್ಳೆಯದು. ಕಾರವಾರದ ಕಡೆ ತಾರ್ಲೆ ಅನ್ನುವುದೂ ಇದನ್ನೇ. ಒಮೆಗಾ–3 ಮತ್ತು ಡಿ ಜೀವಸತ್ವ ಎರಡೂ ಇದರಲ್ಲಿವೆ. ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ಡಿ ತಯಾರಿಸಲಾರದು, ಊಟದಿಂದಲೇ ಬರಬೇಕು. ಆದರೆ ಮೀನನ್ನು ಆವಿಯಲ್ಲಿ ಬೇಯಿಸಿ ಮುಳ್ಳು ತೆಗೆದೇ ಕೊಡಿ. ಹಸಿ ಬೂತಾಯಿಯಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವ ಇರುತ್ತದೆ. ಮೊಟ್ಟೆಯನ್ನೂ ಬೇಯಿಸಿ, ಹಸಿ ಬಿಳಿಭಾಗ ಬಯೋಟಿನ್ ಎಂಬ ಬಿ ಜೀವಸತ್ವವನ್ನು ದೇಹ ಹೀರದಂತೆ ತಡೆಯುತ್ತದೆ.

ತರಕಾರಿ ಇಲ್ಲಿ ಹೊಟ್ಟೆ ತುಂಬಿಸುವ ಕೆಲಸ ಮಾಡುತ್ತದೆ. ಹಸಿವು ತಡೆಯದ ನಾಯಿಗೆ ಸೋರೆಕಾಯಿ, ಬೂದುಗುಂಬಳ ಇನ್ನೂ 50 ಗ್ರಾಂ ಸೇರಿಸಿದರೂ 7–8 ಕ್ಯಾಲೊರಿ ಅಷ್ಟೇ. ಸೋರೆಕಾಯಿಯ ಚೂರೊಂದನ್ನು ನೀವು ಕಚ್ಚಿ ನೋಡಿ, ಕಹಿ ಇದ್ದರೆ ಬಿಸಾಕಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ.

ಈ ತಟ್ಟೆ ಇಷ್ಟಕ್ಕೇ ಪೂರ್ತಿಯಾಗಲಿಲ್ಲ. 8 ಕಿಲೋ ನಾಯಿಗೆ ದಿನಕ್ಕೆ 9–10 ಮಿಲಿಗ್ರಾಂ ಸತು ಬೇಕು, ಇಲ್ಲಿ ಸಿಗುವುದು ಅದರ ಅರ್ಧದಷ್ಟು. ಅಯೋಡಿನ್ ಸುಮಾರು 140 ಮೈಕ್ರೊಗ್ರಾಂ ಬೇಕು, ಅಯೋಡಿನ್ ಉಪ್ಪಿನ ಒಂದು ಗ್ರಾಂನಲ್ಲಿ ಇರುವುದು 15–30 ಮಾತ್ರ, ಆದ್ದರಿಂದ ಚಿಟಿಕೆ ಉಪ್ಪು ಹಾಕಿ ನೆಮ್ಮದಿಯಾಗಿರುವಂತಿಲ್ಲ. ಇ ಜೀವಸತ್ವ, ಮ್ಯಾಂಗನೀಸ್ ಕೂಡ ಕಡಿಮೆ ಬೀಳುತ್ತವೆ. ಮನೆಯೂಟಕ್ಕೆಂದೇ ತಯಾರಾದ ನಾಯಿಗಳ ಜೀವಸತ್ವ–ಖನಿಜ ಮಿಶ್ರಣವನ್ನು ಪಶುವೈದ್ಯರಿಗೆ ಈ ಅಳತೆಯನ್ನೇ ತೋರಿಸಿ ಬರೆಸಿಕೊಳ್ಳಿ. ಅದರಲ್ಲಿ ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿ ಅಷ್ಟು ಕಡಿಮೆ ಮಾಡಬೇಕು. ಮನುಷ್ಯರ ಮಲ್ಟಿವಿಟಮಿನ್ ಮಾತ್ರೆ ಬೇಡ, ಕೆಲವದರಲ್ಲಿ ನಾಯಿಗೆ ಪ್ರಾಣಾಂತಕವಾದ ಜೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ. ಕಾಡ್ ಲಿವರ್ ಎಣ್ಣೆಯೂ ಬೇಡ, ಲಿವರಿನ ಎ ಜೀವಸತ್ವದ ಮೇಲೆ ಅದೂ ಸೇರಿಕೊಳ್ಳುತ್ತದೆ.

ಹಂತ 6: ಫ್ರೋಜನ್ ಪ್ಯಾಕೆಟ್ ಕೊಳ್ಳುವವರಿಗೆ

ಮನೆಯಲ್ಲಿ ಕೊಚ್ಚಲು ಆಗದವರು ತಯಾರಾದ ಹಸಿ ಆಹಾರ ಕೊಳ್ಳುತ್ತಾರೆ. ಪ್ಯಾಕೆಟ್ ಮುಂಭಾಗದ ಮಾತು ಬಿಟ್ಟು ಹಿಂದಿನ ಶೇಕಡಾವಾರು ಓದಿ. ಒಂದರಲ್ಲಿ ಪ್ರೋಟೀನ್ 16, ಕೊಬ್ಬು 4, ನಾರು 1, ಬೂದಿ (ಅಂದರೆ ಖನಿಜಾಂಶ) 2, ತೇವ 75 ಎಂದಿದೆ ಅನ್ನಿ. ಎಲ್ಲ ಕೂಡಿದರೆ 98, ಉಳಿದ 2 ಪಿಷ್ಟ. 16 × 4 = 64, 4 × 9 = 36, 2 × 4 = 8, ಒಟ್ಟು 100 ಗ್ರಾಂಗೆ 108 ಕ್ಯಾಲೊರಿ. ಕೊಬ್ಬಿನಿಂದ ಬಂದದ್ದು ಮೂರನೇ ಒಂದು ಭಾಗ. ಇನ್ನೊಂದರಲ್ಲಿ ಪ್ರೋಟೀನ್ 13, ಕೊಬ್ಬು 14, ನಾರು 1, ಬೂದಿ 3, ತೇವ 67. ಲೆಕ್ಕ ಹಾಕಿದರೆ 186 ಕ್ಯಾಲೊರಿ, ಮೂರನೇ ಎರಡು ಭಾಗ ಕೊಬ್ಬಿನದ್ದೇ. ಪಗ್‌ಗೆ ಮೊದಲನೆಯದು. ಕೊಬ್ಬಿನ ಪಾಲು ಮೂರನೇ ಒಂದರ ಆಸುಪಾಸಿನಲ್ಲಿರಲಿ. ಶೇಕಡಾವಾರು ಅಚ್ಚುಹಾಕದ, ದಿನಕ್ಕೆ ಇಷ್ಟು ಗ್ರಾಂ ಎಂದಷ್ಟೇ ಬರೆದ ಪ್ಯಾಕೆಟನ್ನು ಅಲ್ಲೇ ಬಿಟ್ಟು ಬನ್ನಿ. ವಯಸ್ಕ ನಾಯಿಗೆ ಸಂಪೂರ್ಣ ಆಹಾರ ಎಂದು ಬರೆದಿದೆಯೋ, ಪೂರಕ ಎಂದಿದೆಯೋ ಅದನ್ನೂ ನೋಡಿ. ಪೂರಕವಾದರೆ ಖನಿಜ ಮಿಶ್ರಣ ನೀವೇ ಸೇರಿಸಬೇಕು.

ಹಂತ 7: ಕಟ್ಟಿಡುವುದು, ಕರಗಿಸುವುದು, ಶುಚಿ

ವಾರದ್ದನ್ನು ಒಟ್ಟಿಗೆ ಮಾಡಿ: ಮಾಂಸ 1,120 ಗ್ರಾಂ, ಗಿಜರ್ಡ್–ಹಾರ್ಟ್ 280, ಲಿವರ್ 84, ಸಿಹಿಗುಂಬಳ 280, ಬೀನ್ಸ್ 280, ಚಿಪ್ಪಿನ ಪುಡಿ 14. ಹೀಗೆ ಮಾಡಿದರೆ 2 ಗ್ರಾಂ ತೂಗುವ ಕಷ್ಟವೂ ತಪ್ಪುತ್ತದೆ. ಚೆನ್ನಾಗಿ ಕಲಸಿ 14 ಸಮ ಪೊಟ್ಟಣ ಮಾಡಿ, ಚಪ್ಪಟೆಯಾಗಿ ಒತ್ತಿ ಫ್ರೀಜರಿಗಿಡಿ, ತೆಳುವಾಗಿದ್ದರೆ ಬೇಗ ಕರಗುತ್ತದೆ. ಮೊಟ್ಟೆ, ಮೀನು, ಖನಿಜ ಮಿಶ್ರಣ ಬಡಿಸುವ ದಿನ.

ಫ್ರೀಜ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿದ್ದೆ ಮಾಡುತ್ತವೆ. ಸಾಯುವುದು ಕೆಲವು ಪರೋಪಜೀವಿಗಳು. ಮೇಕೆ, ಕುರಿ ಮಾಂಸವನ್ನು –18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ 10 ದಿನ ಇಟ್ಟೇ ಬಳಸಿ. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಐಸ್ ಗೂಡು ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ, ಫ್ರೀಜರ್ ಥರ್ಮಾಮೀಟರ್ ಇಟ್ಟು ನೋಡಿ. ಕುರಿ ಮೇಕೆಗಳ ಲಿವರ್, ಶ್ವಾಸಕೋಶದಲ್ಲಿ ನೀರು ತುಂಬಿದ ಬಿಳಿ ಚೀಲಗಳು ಕಂಡರೆ ಅದು ಹೈಡಾಟಿಡ್ ಗಂಟು. ನಾಯಿ ತಿಂದರೆ ಅದರ ಕರುಳಲ್ಲಿ ಹುಳುವಾಗಿ, ಮಲದ ಮೂಲಕ ಮನುಷ್ಯರಿಗೆ ದಾಟಿ, ನಮ್ಮ ಲಿವರಿನಲ್ಲಿ ಗಂಟು ಕಟ್ಟುತ್ತದೆ. ಅಂಥದ್ದನ್ನು ಬೀದಿ ನಾಯಿಗೂ ಎಸೆಯಬೇಡಿ. ಹಸಿ ತಿನ್ನುವ ನಾಯಿಗೆ ಜಂತುಹುಳುವಿನ ಔಷಧಿ ಎಷ್ಟು ದಿನಕ್ಕೊಮ್ಮೆ, ಅದರಲ್ಲಿ ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಇದೆಯೇ ಎಂದು ವೈದ್ಯರನ್ನು ಕೇಳಿ.

ಕರೆಂಟ್ ಹೋದಾಗ ಬಾಗಿಲು ತೆಗೆಯಬೇಡಿ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಪೊಟ್ಟಣದೊಳಗೆ ಇನ್ನೂ ಐಸಿನ ಹರಳಿದ್ದರೆ ಮತ್ತೆ ಗಟ್ಟಿ ಮಾಡಬಹುದು, ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಎಸೆಯಿರಿ. ಕರಗಿಸುವುದು ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ, ಮುಚ್ಚಿದ ಡಬ್ಬಿಯಲ್ಲಿ, ಹಿಂದಿನ ರಾತ್ರಿಯಿಂದ. ಅಡುಗೆಕಟ್ಟೆಯ ಮೇಲಲ್ಲ.

ಮಾಂಸವನ್ನು ನಲ್ಲಿಯಡಿ ತೊಳೆಯಬೇಡಿ. ನಮ್ಮ ಮನೆಗಳಲ್ಲಿ ಇದು ಒಗ್ಗದ ಮಾತು, ಆದರೆ ಸಿಡಿದ ಹನಿಗಳು ಸಿಂಕಿನ ಪಕ್ಕದ ಲೋಟ, ತಟ್ಟೆಗಳ ಮೇಲೆ ಬೀಳುತ್ತವೆ. ಟಿಶ್ಯೂ ಕಾಗದದಿಂದ ಒತ್ತಿ ಒರೆಸಿದರೆ ಸಾಕು. ಹಲಗೆ, ಚಾಕು, ಬಟ್ಟಲು ನಾಯಿಗೇ ಬೇರೆ ಇರಲಿ. ಸೋಪಿನಲ್ಲಿ ತೊಳೆದ ಮೇಲೆ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಬೆರೆಸಿ ಅದರಲ್ಲಿ ಅದ್ದಿ ಒಣಗಿಸಿ. ಬಟ್ಟಲಲ್ಲಿ 20 ನಿಮಿಷದ ಮೇಲೆ ಉಳಿದದ್ದನ್ನು ತೆಗೆಯಿರಿ. ಊಟವಾದ ಮೇಲೆ ಪಗ್‌ನ ಮೂಗಿನ ಮೇಲಿನ ಮಡಿಕೆ ಬಿಡಿಸಿ ನೋಡಿ: ಮಾಂಸದ ರಸ ಅಲ್ಲಿ ಇಳಿದಿರುತ್ತದೆ, ಬಿಟ್ಟರೆ ಎರಡೇ ದಿನಕ್ಕೆ ಹುಳಿ ವಾಸನೆ ಬಂದು ಚರ್ಮ ಕೆಂಪಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆಯಿರಿ, ನಿಮ್ಮ ಕೈ ತೊಳೆದುಕೊಳ್ಳಿ. ಆ ಅರ್ಧ ಗಂಟೆ ಮುಖ ನೆಕ್ಕಿಸಿಕೊಳ್ಳಬೇಡಿ.

ಹಕ್ಕಿಜ್ವರದ ಸುದ್ದಿ ಬಂದರೆ ಹಸಿ ಕೋಳಿ ಅಂದೇ ನಿಲ್ಲಿಸಿ, ಬೇಯಿಸಿ ಕೊಡಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಅದು ಕಾಣಿಸಿಕೊಂಡಿತ್ತು.

ಹಂತ 8: ಬದಲಾಯಿಸುವುದು, ತೂಗುವುದು

ಒಂದೇ ದಿನಕ್ಕೆ ಬದಲಿಸಬೇಡಿ. ಮೊದಲ 3 ದಿನ ಕಾಲು ಭಾಗ ಹೊಸದು, ಮುಂದಿನ 4 ದಿನ ಅರ್ಧ, ಆಮೇಲೆ 4 ದಿನ ಮುಕ್ಕಾಲು. ಕಿಬ್ಬಲನ್ನು ಬೆಳಿಗ್ಗೆ, ಹಸಿಯನ್ನು ಸಂಜೆ ಬೇರೆ ಬೇರೆಯಾಗಿ ಹಾಕಿದರೂ ಸರಿ. ಮೊದಲ ವಾರ ಕೋಳಿ ಅಥವಾ ಮೇಕೆ, ಒಂದೇ ಮಾಂಸ, ಲಿವರ್ ಇಲ್ಲದೆ. ಭೇದಿಯಾದರೆ ಹಿಂದಿನ ಹಂತಕ್ಕೆ ಹೋಗಿ. ಪದೇಪದೇ ವಾಂತಿಯಾಗುತ್ತಿದ್ದರೆ, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಮಸ್ಕಾರ ಮಾಡಿದಂತೆ ನಿಂತರೆ ಅದು ಪ್ಯಾಂಕ್ರಿಯಾಸ್ ಊತದ ಹೊಟ್ಟೆನೋವಿರಬಹುದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮಲದಲ್ಲಿ ರಕ್ತ ಕಂಡರೂ ಅಷ್ಟೇ.

ದಿನಕ್ಕೆ ಎರಡು ಊಟ. ಆಳದ ಬಟ್ಟಲಿಗಿಂತ ಅಂಚು ಗಿಡ್ಡವಿರುವ ಅಗಲ ತಟ್ಟೆ ಪಗ್‌ನ ಮುಖಕ್ಕೆ ಹೊಂದುತ್ತದೆ. ತಟ್ಟೆಯ ಮೇಲೆ ತೆಳುವಾಗಿ ಸವರಿಬಿಟ್ಟರೆ ನೆಕ್ಕಿ ನೆಕ್ಕಿ ತಿನ್ನಲು ಹೊತ್ತು ಹಿಡಿಯುತ್ತದೆ, ಗಬಗಬ ನುಂಗುವುದು ತಪ್ಪುತ್ತದೆ.

ಪ್ರತಿ ವಾರ ಅದೇ ದಿನ, ಬೆಳಗಿನ ಊಟಕ್ಕೆ ಮುಂಚೆ ತೂಗಿ ಬರೆದಿಡಿ. ವಾರಕ್ಕೆ ದೇಹತೂಕದ ಶೇ 1ರಿಂದ 2, ಅಂದರೆ 10 ಕಿಲೋ ಪಗ್‌ಗೆ 100ರಿಂದ 200 ಗ್ರಾಂ ಇಳಿಯಬೇಕು. 2 ಕಿಲೋ ಇಳಿಯಲು ನಾಲ್ಕೈದು ತಿಂಗಳು ಹಿಡಿಯುತ್ತದೆ, ಆತುರಪಟ್ಟರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಎರಡು ವಾರ ತೂಕ ಕದಲದಿದ್ದರೆ ಮೊದಲು ಮನೆಯವರ ಕೈ ನೋಡಿ, ಪಕ್ಕದ ಮನೆಯವರ ಕೈಯೂ ನೋಡಿ. ಎಲ್ಲ ಸರಿಯಿದ್ದರೆ ಮಾಂಸದಲ್ಲಿ ಶೇ 10 ಕಡಿಮೆ ಮಾಡಿ. ಲಿವರ್, ಚಿಪ್ಪಿನ ಪುಡಿ, ಖನಿಜ ಮಿಶ್ರಣ ಮುಟ್ಟಬೇಡಿ, ಊಟ ಕಡಿಮೆಯಾದರೂ ಪೋಷಕಾಂಶ ಅಷ್ಟೇ ಬೇಕು. 265 ಕ್ಯಾಲೊರಿಗಿಂತ ಕೆಳಗೆ ವೈದ್ಯರನ್ನು ಕೇಳದೆ ಇಳಿಯಬೇಡಿ. ವಾರಕ್ಕೆ 200 ಗ್ರಾಂ ಮೀರಿ ಇಳಿಯುತ್ತಿದ್ದರೆ ಶೇ 10 ಹೆಚ್ಚಿಸಿ.

ನಡಿಗೆ ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ನೆಲದ ಕಾವು ಇಳಿದ ಮೇಲೆ, ಹತ್ತು ಹದಿನೈದು ನಿಮಿಷದಿಂದ ಶುರು. ಗೊರಗೊರ ಸದ್ದು ಜೋರಾದರೆ, ನಾಲಿಗೆ ನೀಲಿಗಟ್ಟಿದರೆ ಕೂಡಲೇ ನಿಲ್ಲಿಸಿ ನೆರಳಿಗೆ ಕರೆದೊಯ್ದು ಮೈಗೆ ನೀರು ಹಾಕಿ, ಅಲ್ಲಿಂದ ನೇರ ವೈದ್ಯರ ಬಳಿಗೆ.

ಡ್ಯಾಶ್‌ಹೌಂಡ್, ಬೀಗಲ್ ಸಾಕಿದವರಿಗೂ ಇದೇ ಲೆಕ್ಕ, ಗುರಿ ತೂಕವನ್ನಷ್ಟೇ ಬದಲಿಸಿಕೊಳ್ಳಿ. ಡ್ಯಾಶ್‌ಹೌಂಡಿನ ಉದ್ದ ಬೆನ್ನಿಗೆ ಅರ್ಧ ಕಿಲೋ ಹೆಚ್ಚುವರಿಯೂ ಭಾರವೇ, ತೂಕ ಇಳಿಯುವವರೆಗೆ ಸೋಫಾ, ಮೆಟ್ಟಿಲು ಹತ್ತಿಳಿಯಲು ಬಿಡಬೇಡಿ.

ಗುರಿ ಮುಟ್ಟಿದ ವಾರವೇ ಹಳೆಯ ಅಳತೆಗೆ ಮರಳಬೇಡಿ, ತೂಕ ಇಳಿದ ದೇಹಕ್ಕೆ ಮೊದಲಿನಷ್ಟು ಊಟ ಬೇಕಾಗುವುದಿಲ್ಲ. 330ರಿಂದ 360ಕ್ಕೆ ಏರಿಸಿ ಎರಡು ವಾರ ತೂಗಿ. ಇನ್ನೂ ಇಳಿಯುತ್ತಿದ್ದರೆ 390. ಎಲ್ಲಿ ತೂಕ ನಿಲ್ಲುತ್ತದೆಯೋ ಅದೇ ನಿಮ್ಮ ನಾಯಿಯ ಸಂಖ್ಯೆ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿ, ತಿಂಗಳಿಗೆ ಎರಡು ಸಲ ತೂಗುವುದನ್ನು ಮುಂದುವರಿಸಿ.